ಪಾರೋಸ್‌ನಿಂದ ನಕ್ಸೋಸ್‌ಗೆ ಯಾವ ಹಡಗು ಒಳ್ಳೆಯದು? ಪ್ರಯಾಣದಲ್ಲಿ ವಾಂತಿಯಾಗುವ ಅಮ್ಮನನ್ನು ಕರೆದುಕೊಂಡು ಹೋಗಬಹುದಾ?

ಆಗಸ್ಟ್‌ನಲ್ಲಿ ಗ್ರೀಸ್‌ಗೆ ಹೋಗಿ ಅಥೆನ್ಸ್‌ನಿಂದ ಪಾರೋಸ್ ದ್ವೀಪ, ಅಲ್ಲಿಂದ ನಕ್ಸೋಸ್, ಜೊತೆಗೆ ಹತ್ತಿರದ ಪುಟ್ಟ ದ್ವೀಪ ಕೂಫೊನೀಸಿಯನ್ನೂ ನೋಡಬೇಕು ಅಂತ ಬರೆದಿದ್ದೀರಿ. ಬಸ್ಸಿನಲ್ಲೇ ಹೊಟ್ಟೆ ತೊಳಸುವ ಅಮ್ಮ ಜೊತೆಗಿದ್ದಾರೆ, ವೇಗದ ದೋಣಿ ಹಿಡಿದರೆ ಬೇಗ ಮುಗಿಯುತ್ತದಲ್ವಾ ಅಂತಲೂ ಕೇಳಿದ್ದೀರಿ.

ಅಮ್ಮನನ್ನು ಖಂಡಿತ ಕರೆದುಕೊಂಡು ಹೋಗಿ. ವೇಗದ ದೋಣಿ ಮಾತ್ರ ಬೇಡ. ಕಾರು, ಲಾರಿಗಳನ್ನೂ ಹೊತ್ತುಕೊಂಡು ಹೋಗುವ ದೊಡ್ಡ, ನಿಧಾನದ ಹಡಗನ್ನೇ ಹಿಡಿಯಿರಿ. ಆ ದಾರಿಯಲ್ಲಿ ನಾನು ಎರಡರಲ್ಲೂ ಓಡಾಡಿದ್ದೇನೆ, ಅದಕ್ಕೇ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ಪಾರೋಸ್, ನಕ್ಸೋಸ್ ಎರಡೂ ಅಕ್ಕಪಕ್ಕದ ದ್ವೀಪಗಳು. ಪಾರಿಕಿಯಾ ಬಂದರಿನಿಂದ ನಕ್ಸೋಸ್ ಪೇಟೆಗೆ ದೊಡ್ಡ ಹಡಗಿನಲ್ಲೂ ಮುಕ್ಕಾಲು ಗಂಟೆ, ಹೆಚ್ಚೆಂದರೆ ಒಂದು ಗಂಟೆ. ವೇಗದ ದೋಣಿಯಲ್ಲಿ ಉಳಿಯುವುದು ಹದಿನೈದು, ಇಪ್ಪತ್ತು ನಿಮಿಷ ಅಷ್ಟೇ. ಅದಕ್ಕೆ ದುಡ್ಡು ಜಾಸ್ತಿ. ಬಹಳಷ್ಟು ವೇಗದ ದೋಣಿಗಳಲ್ಲಿ ಹೊರಗೆ ನಿಲ್ಲಲು ಜಾಗವೂ ಇರುವುದಿಲ್ಲ, ಮುಚ್ಚಿದ ಗಾಜಿನೊಳಗೇ ಕೂರಬೇಕು. ಹೊಟ್ಟೆ ತೊಳಸುವವರಿಗೆ ಅದೇ ದೊಡ್ಡ ಶಿಕ್ಷೆ. ದೊಡ್ಡ ಹಡಗಿನಲ್ಲಾದರೆ ತೆರೆದ ಡೆಕ್ ಇದೆ. ಅಲೆಯ ಓಲಾಟ ತಗ್ಗಿಸಲು ಹಡಗಿನ ಎರಡೂ ಪಕ್ಕೆಗಳಿಂದ ನೀರೊಳಗೆ ಚಾಚುವ ರೆಕ್ಕೆಗಳೂ ಇರುತ್ತವೆ.

ಆಗಸ್ಟ್ ಅಂದಿರಲ್ಲ, ಮೆಲ್ಟೆಮಿಯ ಬಗ್ಗೆ ಹೇಳಲೇಬೇಕು. ಬೇಸಿಗೆಯಲ್ಲಿ ಏಜಿಯನ್ ಸಮುದ್ರದ ಮೇಲೆ ಉತ್ತರದಿಂದ ಬೀಸುವ ಗಾಳಿ ಅದು. ಬಾಲ್ಕನ್ ಕಡೆ ವಾಯುಭಾರ ಹೆಚ್ಚಿ, ಟರ್ಕಿಯ ನೆಲ ಕಾದು ಅಲ್ಲಿ ವಾಯುಭಾರ ಕುಸಿದಾಗ ಶುರುವಾಗುತ್ತದೆ. ಹಿಡಿದರೆ ಕೆಲವು ದಿನ ಬಿಡುವುದಿಲ್ಲ. ಆಕಾಶದಲ್ಲಿ ಹುಡುಕಿದರೂ ಮೋಡ ಸಿಗದು, ಕೆಳಗೆ ಸಮುದ್ರ ಮಾತ್ರ ಬೆಳ್ಳಗೆ ನೊರೆ ಕಾರುತ್ತಿರುತ್ತದೆ. ಸಾಮಾನ್ಯವಾಗಿ ಮಧ್ಯಾಹ್ನದ ಮೇಲೆ ಜೋರಾಗುವ ಗಾಳಿ ಇದು, ಹಾಗಾಗಿ ಬೆಳಗಿನ ಹಡಗಿಗೇ ಟಿಕೆಟ್ ಮಾಡಿಸಿ. ಗಾಳಿ ಮಿತಿ ಮೀರಿದರೆ ಕರಾವಳಿ ಕಾವಲು ಪಡೆ ಸಂಚಾರವನ್ನೇ ನಿಲ್ಲಿಸುತ್ತದೆ. ಮೊದಲು ನಿಲ್ಲುವುದು ವೇಗದ ದೋಣಿಗಳು. ದೊಡ್ಡ ಹಡಗುಗಳು ಅದಕ್ಕಿಂತ ಜೋರು ಗಾಳಿಯಲ್ಲೂ ಓಡುತ್ತವೆ.

ಅಥೆನ್ಸ್‌ನ ಬಂದರು ಪಿರಿಯಸ್. 2022ರಿಂದ ವಿಮಾನ ನಿಲ್ದಾಣದಿಂದ ಅಲ್ಲಿಗೆ ನೇರ ಮೆಟ್ರೋ ಇದೆ. ಬಂದರು ಬಹಳ ದೊಡ್ಡದು, ಒಂದು ಗೇಟಿನಿಂದ ಇನ್ನೊಂದಕ್ಕೆ ಅಮ್ಮನನ್ನು ನಡೆಸುವಂತಿಲ್ಲ. ಯಾವ ಗೇಟು ಅಂತ ಮೊದಲೇ ನೋಡಿಕೊಳ್ಳಿ. ಅಲ್ಲಿಂದ ಪಾರೋಸ್‌ಗೆ ನಾಲ್ಕರಿಂದ ಐದು ಗಂಟೆ.

ಹಡಗಿನಲ್ಲಿ ಅಮ್ಮನನ್ನು ಮುಂಭಾಗದಲ್ಲಿ ಕೂರಿಸಬೇಡಿ, ಅಲ್ಲಿ ಕುಲುಕಾಟ ಜಾಸ್ತಿ. ನಡುಭಾಗದಲ್ಲಿ, ಗಾಳಿ ಸಿಗುವ ಕಡೆ, ದೂರದ ದಡ ಕಣ್ಣಿಗೆ ಬೀಳುವಂತೆ ಕೂರಿಸಿ. ಮೊಬೈಲ್ ನೋಡಲು ಬಿಡಬೇಡಿ. ವಾಂತಿ ತಡೆಯುವ ಮಾತ್ರೆಯನ್ನು ಹತ್ತುವ ಮೊದಲೇ ನುಂಗಬೇಕು, ತೊಳಸಲು ಶುರುವಾದ ಮೇಲೆ ಅಷ್ಟು ಪ್ರಯೋಜನವಿಲ್ಲ. ಬಿಪಿ, ಶುಗರ್ ಮಾತ್ರೆ ತೆಗೆದುಕೊಳ್ಳುವವರಾದರೆ ಯಾವುದು ಆಗುತ್ತದೆ ಅಂತ ಹೊರಡುವ ಮೊದಲು ನಿಮ್ಮ ಡಾಕ್ಟರನ್ನೇ ಕೇಳಿ. ಖಾಲಿ ಹೊಟ್ಟೆಯಲ್ಲಿ ಹತ್ತಿಸಬೇಡಿ. ಒಣ ಬ್ರೆಡ್ಡೋ ಎಳ್ಳು ಮೆತ್ತಿದ ಬಳೆಯಾಕಾರದ ಗ್ರೀಕ್ ಬ್ರೆಡ್ಡು ಕುಲೂರಿಯೋ ಸಾಕು.

ಹತ್ತುವುದಕ್ಕಿಂತ ಇಳಿಯುವಾಗ ಹೆಚ್ಚು ಎಚ್ಚರ ಬೇಕು. ಊರು ಹತ್ತಿರವಾಗುತ್ತಿದ್ದಂತೆ ಮೈಕಿನಲ್ಲಿ ಹೇಳುತ್ತಾರೆ, ಜನ ಎಲ್ಲ ಕೆಳಗೆ ಗಾಡಿಗಳಿರುವ ಅಂತಸ್ತಿಗೆ ಇಳಿಯುತ್ತಾರೆ. ಅರೆಗತ್ತಲು, ಡೀಸೆಲ್ ವಾಸನೆ, ಪಕ್ಕದಲ್ಲೇ ಲಾರಿಗಳ ಎಂಜಿನ್ ಸದ್ದು. ಹಡಗು ಹಿಮ್ಮುಖವಾಗಿ ದಡಕ್ಕೆ ಬರುತ್ತದೆ. ಇನ್ನೂ ಪೂರ್ತಿ ನಿಂತಿರುವುದಿಲ್ಲ, ಅಷ್ಟರಲ್ಲೇ ಸರಪಳಿ ಗಡಗಡ ಅನ್ನುತ್ತಾ ಹಿಂಬಾಗಿಲು ಕೆಳಗಿಳಿಯುತ್ತದೆ. ಒಮ್ಮೆಲೇ ಬಿಸಿಲು ಕಣ್ಣಿಗೆ ಹೊಡೆಯುತ್ತದೆ. ಜನ, ಬೈಕು, ಕಾರು ಎಲ್ಲ ಒಟ್ಟಿಗೆ ಹೊರಡುತ್ತವೆ. ದ್ವೀಪಗಳಲ್ಲಿ ಹಡಗು ನಿಲ್ಲುವುದು ಕೆಲವೇ ನಿಮಿಷ, ಯಾರಿಗೂ ಕಾಯುವುದಿಲ್ಲ. ಆದ್ದರಿಂದ ಅಮ್ಮನನ್ನು ಸ್ವಲ್ಪ ಮೊದಲೇ ಲಿಫ್ಟ್ ಹತ್ತಿರ ಕರೆತನ್ನಿ, ಸಿಬ್ಬಂದಿಗೆ ಒಂದು ಮಾತು ಹೇಳಿ, ದಾರಿ ಬಿಡಿಸಿಕೊಡುತ್ತಾರೆ. ಬ್ಯಾಗುಗಳಿಡುವ ಕಪಾಟುಗಳ ಮೇಲೆ ದ್ವೀಪದ ಹೆಸರು ಬರೆದಿರುತ್ತದೆ. ಅದನ್ನು ನೋಡಿಯೇ ಇಡಿ.

ನಕ್ಸೋಸ್‌ಗೆ ಹೋಗುವಾಗ ಕೆಳಗಿಳಿಯುವ ಮೊದಲು ಡೆಕ್ಕಿನಿಂದ ಪೋರ್ಟಾರಾ ನೋಡಿ. ಕ್ರಿಸ್ತಪೂರ್ವ 6ನೇ ಶತಮಾನದಲ್ಲಿ ಶುರುಮಾಡಿ ಅರ್ಧಕ್ಕೇ ಬಿಟ್ಟ ಅಪೊಲೊ ದೇವಾಲಯದ ಅಮೃತಶಿಲೆಯ ಬಾಗಿಲು. ಗುಡಿಯಿಲ್ಲ, ಬಾಗಿಲು ಮಾತ್ರ ಬಂದರಿನ ಬಾಯಲ್ಲೇ ನಿಂತಿದೆ. ಹಡಗಿನಿಂದ ನೋಡುವ ಸೊಗಸೇ ಬೇರೆ.

ಅಮ್ಮನಿಗೆ ಸಮುದ್ರದ ರೂಢಿಯಾಗಲಿ ಅಂದರೆ ಪಾರೋಸ್‌ನಲ್ಲಿದ್ದಾಗ ಪೂಂಡಾ ಬಂದರಿಗೆ ಬಸ್ಸಿನಲ್ಲಿ ಹೋಗಿ. ಅಲ್ಲಿಂದ ಎದುರಿನ ಪುಟ್ಟ ದ್ವೀಪ ಆಂಟಿಪಾರೋಸ್‌ಗೆ ಹಡಗಿನಲ್ಲಿ ಹತ್ತೇ ನಿಮಿಷ. ದಿನವಿಡೀ ಓಡಾಡುತ್ತಿರುತ್ತದೆ, ಬುಕಿಂಗ್ ಬೇಡ, ಟಿಕೆಟ್ ಅಲ್ಲೇ ಸಿಗುತ್ತದೆ. ಎದುರಿನ ದಡ ಕಾಣುತ್ತಲೇ ಇರುವುದರಿಂದ ಹೆದರಿಕೆಯೂ ಆಗುವುದಿಲ್ಲ.

ಕೂಫೊನೀಸಿ ವಿಚಾರ ಬೇರೆ. ನಕ್ಸೋಸ್‌ನಿಂದ ಇರಾಕ್ಲಿಯಾ, ಸ್ಕಿನೂಸಾ, ಕೂಫೊನೀಸಿ ದ್ವೀಪಗಳನ್ನು ಮುಟ್ಟಿ ಅಮೋರ್ಗೋಸ್‌ಗೆ ಹೋಗುವ ಎಕ್ಸ್‌ಪ್ರೆಸ್ ಸ್ಕೊಪೆಲಿಟಿಸ್ ಪುಟ್ಟ ಹಡಗು. ಆ ಸಣ್ಣ ಊರುಗಳ ಜನಕ್ಕೆ ಅದೇ ಆಧಾರ, ನನಗೂ ಅದರ ಮೇಲೆ ತುಂಬಾ ಪ್ರೀತಿ. ಆದರೆ ಗಾಳಿ ಎದ್ದ ದಿನ ಚೆನ್ನಾಗಿ ಹೊಯ್ದಾಡುತ್ತದೆ. ಕೆಲವು ದಿನ ದೊಡ್ಡ ಹಡಗೂ ಅಲ್ಲಿಗೆ ಹೋಗುತ್ತದೆ, ಆ ದಿನ ನೋಡಿ ಹೊರಡಿ. ಹೊಂದದಿದ್ದರೆ ಅಮ್ಮನ ಜೊತೆ ನಕ್ಸೋಸ್‌ನಲ್ಲೇ ಉಳಿಯಿರಿ, ನೋಡಲು ಬೇಕಾದಷ್ಟಿದೆ.

ಟಿಕೆಟ್ ಮೊದಲೇ ಮಾಡಿಸಿ, ಅದರಲ್ಲೂ ಆಗಸ್ಟ್ 15ರ ಆಸುಪಾಸು. ಅದು ಮೇರಿ ಮಾತೆಯ ಹಬ್ಬ, ಇಡೀ ಗ್ರೀಸ್ ಊರಿಗೆ ಹೊರಟಿರುತ್ತದೆ. ಪಾರಿಕಿಯಾದ ಎಕಾಟೊಂಟಪಿಲಿಯಾನಿ ಚರ್ಚಿನಲ್ಲಂತೂ ದೊಡ್ಡ ಜಾತ್ರೆಯೇ ನಡೆಯುತ್ತದೆ. ಫೆರಿಹಾಪರ್ ವೆಬ್‌ಸೈಟಿನಲ್ಲಿ ಬಹುತೇಕ ಕಂಪನಿಗಳ ವೇಳೆ ಒಟ್ಟಿಗೆ ಸಿಗುತ್ತದೆ. ಹೆಸರು ಪಾಸ್‌ಪೋರ್ಟಿನಲ್ಲಿರುವಂತೆಯೇ ಇರಲಿ.

ಮತ್ತೆ, ವಾಪಸ್ ವಿಮಾನದ ದಿನವೇ ದ್ವೀಪದಿಂದ ಹೊರಡುವ ಯೋಚನೆ ಬೇಡ. ಗಾಳಿಗೆ ಹಡಗು ನಿಂತರೆ ಕಂಪನಿ ದುಡ್ಡು ಮರಳಿಸುತ್ತದೆ ಅಥವಾ ಮುಂದಿನ ಹಡಗಿಗೆ ಹಾಕುತ್ತದೆ, ವಿಮಾನದ ಹೊಣೆ ಅದರದ್ದಲ್ಲ. ಕೊನೆಯ ರಾತ್ರಿ ಅಥೆನ್ಸ್‌ನಲ್ಲೇ ಇರಲಿ. ನಿಮ್ಮ ತಾರೀಖುಗಳನ್ನು ಕೆಳಗೆ ಹಾಕಿ, ಯಾವ ದಿನ ಯಾವ ಹಡಗು ಹೊಂದುತ್ತದೆ ಅಂತ ನೋಡಿ ಹೇಳುತ್ತೇನೆ.