ದಲ್ಲಾಳಿಗೂ ಪಾಠ ಬೇಕಾ?

ಪ್ರಶ್ನೆ: ಹಾಸನದಲ್ಲಿ ಸೈಟು, ತೋಟ ಕೊಡಿಸುವ ಕೆಲಸ ನನ್ನದು, ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಕಾಯ್ದೆ) ನೋಂದಣಿ ಇದೆ. ಕ್ಯಾಲಿಫೋರ್ನಿಯಾದಲ್ಲಿರುವ ನಮ್ಮ ಭಾವನೂ ಇದೇ ಕೆಲಸದವರು. ಅಲ್ಲಿ ಲೈಸೆನ್ಸ್ ನವೀಕರಿಸಲು 4 ವರ್ಷಕ್ಕೊಮ್ಮೆ 45 ಗಂಟೆ ಪಾಠ ಕಡ್ಡಾಯವಂತೆ. ನಮಗೂ ಇದೆಯಾ?

ಉತ್ತರ: 2016ರ ರೇರಾ ಕಾಯ್ದೆ ನೋಂದಣಿ ಕೇಳುತ್ತದೆ, ಹಾಗೆ ಗಂಟೆ ಲೆಕ್ಕದ ಪಾಠ ಅದರಲ್ಲಿಲ್ಲ. ಮಹಾರಾಷ್ಟ್ರ 2023ರಲ್ಲಿ ತನ್ನ ಏಜೆಂಟರಿಗೆ ತರಬೇತಿ, ಪರೀಕ್ಷೆ ಎರಡನ್ನೂ ತಂದಿತು. ಕಾಯ್ದೆ ಕೇಳಲ್ಲ ಅಂತ ಸುಮ್ನೆ ಕೂರಬೇಡಿ. ಎಡವುವುದು ಜಾಸ್ತಿ ಮಂಜೂರಾತಿ ಜಮೀನಿನಲ್ಲಿ. ಪರಿಶಿಷ್ಟರಿಗೆ ಸರ್ಕಾರ ಕೊಟ್ಟ ಭೂಮಿಯನ್ನು ಅನುಮತಿ ಇಲ್ಲದೆ ಮಾರಿದ್ದರೆ 1978ರ ಪಿಟಿಸಿಎಲ್ (ಪರಿಶಿಷ್ಟರ ಮಂಜೂರಾತಿ ಜಮೀನು ಪರಭಾರೆ ನಿಷೇಧ) ಕಾಯ್ದೆ ಪ್ರಕಾರ ಆ ಮಾರಾಟ ನಿಲ್ಲುವುದಿಲ್ಲ, 2023ರ ತಿದ್ದುಪಡಿ ಬಂದ ಮೇಲಂತೂ ವಾಪಸ್ ಕೇಳಲು ಕಾಲಮಿತಿಯೇ ಇಲ್ಲ. ಪಹಣಿ ಒಂದನ್ನೇ ನೋಡಿ ಗಿರಾಕಿ ಕರೆತಂದರೆ, ಕಮಿಷನ್ ಹಾಗಿರಲಿ, ಊರಲ್ಲಿ ಮುಖ ತೋರಿಸೋದೂ ಕಷ್ಟ ಅಲ್ವಾ? ಮೂಲ ಮಂಜೂರಾತಿ ಪತ್ರ ಓದುವುದನ್ನು ಅನುಭವಸ್ಥ ವಕೀಲರ ಹತ್ತಿರ ಕೂತು ಕಲಿಯಿರಿ.