ಸಂಪಾದಕರ ಉತ್ತರ: ಆ ಕಂತನ್ನು ಅಳಿಸುವುದು ಬೇಡ

ಮಾನ್ಯರೇ,

ಅಮೆರಿಕದ ಹಳೆಯ ಹಾಸ್ಯ ಧಾರಾವಾಹಿ 'ಬಿವಿಚ್ಡ್'ನ ಕ್ರಿಸ್‌ಮಸ್ ಕಂತೊಂದನ್ನು ಮೊಮ್ಮಗಳ ಜೊತೆ ನೋಡುತ್ತಿದ್ದಾಗ, ಬಿಳಿಯ ನಟನಟಿಯರು ಮುಖಕ್ಕೆ ಕಪ್ಪು ಬಣ್ಣ ಬಳಿದುಕೊಂಡು ಕಾಣಿಸಿಕೊಂಡದ್ದು ತಮಗೆ ಬಹಳ ಕಸಿವಿಸಿ ಉಂಟುಮಾಡಿತೆಂದು ಬರೆದಿದ್ದೀರಿ. ಮೈಬಣ್ಣದ ಬಗ್ಗೆ ನೆಂಟರಿಷ್ಟರ ಮಾತು ಕೇಳಿ ಈಗಾಗಲೇ ನೊಂದಿರುವ ಆ ಮಗು, "ಕಪ್ಪಾಗೋದು ಶಿಕ್ಷೇನಾ ಅಜ್ಜಿ?" ಎಂದು ಕೇಳಿತಂತೆ. ಇಂಥ ಕಂತುಗಳನ್ನು ತೆಗೆದುಹಾಕುವುದೇ ಒಳ್ಳೆಯದಲ್ಲವೇ ಎಂಬುದು ತಮ್ಮ ಪ್ರಶ್ನೆ. ತಮ್ಮ ಸಂಕಟ ನ್ಯಾಯವಾದದ್ದು. ಆದರೆ ತಮ್ಮ ಸಲಹೆಯನ್ನು ನಾನು ಒಪ್ಪಲಾರೆ.

ತಾವು ನೋಡಿದ ಕಂತು 'ಸಿಸ್ಟರ್ಸ್ ಅಟ್ ಹಾರ್ಟ್'. 1964ರಿಂದ 1972ರವರೆಗೆ ಎಬಿಸಿ ವಾಹಿನಿಯಲ್ಲಿ ನಡೆದ ಈ ಧಾರಾವಾಹಿಯಲ್ಲಿ ಅದು ಪ್ರಸಾರವಾದದ್ದು 1970ರ ಡಿಸೆಂಬರ್ 24ರಂದು. ಅದರ ಕಥೆಯನ್ನು ಹೆಣೆದವರು ಲಾಸ್ ಏಂಜಲೀಸ್‌ನ ಜೆಫರ್ಸನ್ ಹೈಸ್ಕೂಲಿನ ಹತ್ತನೆಯ ತರಗತಿಯ ಆಫ್ರಿಕನ್ ಅಮೆರಿಕನ್ ವಿದ್ಯಾರ್ಥಿಗಳು ಎಂಬುದು ತಮಗೆ ತಿಳಿದಿರಲಿಕ್ಕಿಲ್ಲ. ಆ ಮಕ್ಕಳು ಬರೆದುಕೊಟ್ಟದ್ದನ್ನು ಧಾರಾವಾಹಿಯ ತಂಡ ಚಿತ್ರಕಥೆಯಾಗಿ ತಿದ್ದಿಕೊಂಡಿತು. 1971ರಲ್ಲಿ ಅಮೆರಿಕದ ಟಿವಿ ಪ್ರಶಸ್ತಿಗಳಾದ ಎಮ್ಮಿಯ ಸಮಾರಂಭದಲ್ಲಿ ಈ ಕಂತಿಗೆ ಗವರ್ನರ್ಸ್ ಪ್ರಶಸ್ತಿಯೂ ಸಂದಿತು. ಧಾರಾವಾಹಿಯ ನಾಯಕಿ, ಮಾಟಗಾತಿ ಸಮಂತಾಳ ಪಾತ್ರ ಮಾಡಿದ ಎಲಿಜಬೆತ್ ಮಾಂಟ್ಗೊಮರಿ ಅವರಿಗೆ ತಮ್ಮ ಎಲ್ಲ ಕಂತುಗಳಲ್ಲಿ ಇದೇ ಅಚ್ಚುಮೆಚ್ಚಾಗಿತ್ತು.

ಕಥೆಯನ್ನು ಇನ್ನೊಮ್ಮೆ ನೆನಪಿಸಿಕೊಳ್ಳೋಣ. ಸಮಂತಾಳ ಮಗಳು ಟಬಿತಾ ತನ್ನ ಗೆಳತಿ, ಕಪ್ಪು ಹುಡುಗಿ ಲೀಸಾಳೊಡನೆ ಅಕ್ಕತಂಗಿಯಾಗಬೇಕೆಂದು ಹಂಬಲಿಸಿ ಮಂತ್ರ ಹಾಕುತ್ತಾಳೆ. ಒಬ್ಬಳ ಮೈಮೇಲೆ ಕಪ್ಪು ಚುಕ್ಕೆ, ಇನ್ನೊಬ್ಬಳ ಮೈಮೇಲೆ ಬಿಳಿ ಚುಕ್ಕೆ ಮೂಡುತ್ತವೆ. ಅತ್ತ ಆಟಿಕೆ ಕಂಪನಿಯ ಮಾಲೀಕ ಬ್ರಾಕ್‌ವೇ, ಟಬಿತಾಳ ತಂದೆ ಕಪ್ಪು ಹೆಂಗಸನ್ನು ಮದುವೆಯಾಗಿದ್ದಾನೆಂದು ತಪ್ಪಾಗಿ ಭಾವಿಸಿ, ಅವನಿಗೆ ತನ್ನ ಜಾಹೀರಾತಿನ ಕೆಲಸ ಕೊಡಲು ನಿರಾಕರಿಸುತ್ತಾನೆ. ಅಂಥ ಮದುವೆಗಳನ್ನು ನಿಷೇಧಿಸುವ ರಾಜ್ಯ ಕಾನೂನುಗಳನ್ನು ಅಮೆರಿಕದ ಸುಪ್ರೀಂ ಕೋರ್ಟ್ ರದ್ದುಪಡಿಸಿದ್ದು 1967ರಲ್ಲಿ, ಈ ಕಂತಿಗೆ ಮೂರೇ ವರ್ಷ ಮೊದಲು. ಆದ್ದರಿಂದ ಬ್ರಾಕ್‌ವೇಯ ಅಸಹ್ಯ ಆ ದಿನದ ಎಷ್ಟೋ ಮನೆಗಳ ನಡುಮನೆಯಲ್ಲಿಯೇ ಇದ್ದ ಅಸಹ್ಯ. ಸಿಟ್ಟಿಗೆದ್ದ ಸಮಂತಾ, ಸುತ್ತಲಿನವರೆಲ್ಲ ಅವನ ಕಣ್ಣಿಗೆ ಕಪ್ಪಗೆ ಕಾಣುವಂತೆ ಮಾಡುತ್ತಾಳೆ. ತಮ್ಮನ್ನು ನೋಯಿಸಿದ ದೃಶ್ಯ ಅದು.

ಅಲ್ಲಿ ಯಾರ ಮೈಯೂ ನಿಜಕ್ಕೂ ಬದಲಾಗುವುದಿಲ್ಲ. ಮಂತ್ರ ತಟ್ಟುವುದು ದ್ವೇಷ ತುಂಬಿದ ಆ ಮನುಷ್ಯನ ದೃಷ್ಟಿಗೆ. ಆದರೂ ತಮ್ಮ ಮೊಮ್ಮಗಳು ಗುರುತಿಸಿದ ದೋಷ ದೋಷವೇ. ಬಿಳಿಯರು ಮುಖಕ್ಕೆ ಮಸಿ ಬಳಿದುಕೊಂಡು ಗುಲಾಮರನ್ನು ಪೆದ್ದರಂತೆ, ಸೋಮಾರಿಗಳಂತೆ ಆಡಿ ತೋರಿಸಿ ನಗಿಸುವ ಪ್ರದರ್ಶನಗಳು 1830ರ ದಶಕದಿಂದ ಅಮೆರಿಕದ ರಂಗಮಂದಿರಗಳಲ್ಲಿ ಜನಪ್ರಿಯವಾಗಿದ್ದವು. ಅಂಥದೊಂದು ಪಾತ್ರವಾದ 'ಜಿಮ್ ಕ್ರೋ'ನ ಹೆಸರೇ ಮುಂದೆ ದಕ್ಷಿಣದ ರಾಜ್ಯಗಳ ವರ್ಣಭೇದದ ಕಾನೂನುಗಳಿಗೆ ಅಂಟಿಕೊಂಡಿತು. ಇಷ್ಟು ಅವಮಾನ ಹೊತ್ತ ವೇಷವನ್ನು ಒಳ್ಳೆಯ ಉದ್ದೇಶಕ್ಕೆ ಬಳಸಿದರೂ ಅದು ಶುದ್ಧವಾಗುವುದಿಲ್ಲ, ಕಥೆ ಕಟ್ಟಿದವರು ಕಪ್ಪು ಮಕ್ಕಳೇ ಆಗಿದ್ದರೂ ಸಹ.

ಹಾಗಿದ್ದ ಮೇಲೆ ಉಳಿಸಬೇಕೇಕೆ? ಈ ಕಂತನ್ನು ತೆಗೆದರೆ ಆ ವೇಷದ ಜೊತೆಗೆ, ಕ್ರಿಸ್‌ಮಸ್ ಮುನ್ನಾದಿನದ ರಾತ್ರಿ ದೇಶಕ್ಕೆ ಬುದ್ಧಿ ಹೇಳಿದ ಆ ಹೈಸ್ಕೂಲು ಮಕ್ಕಳ ದನಿಯೂ ಅಳಿಸಿಹೋಗುತ್ತದೆ. 2020ರ ಜೂನ್‌ನಲ್ಲಿ ಗುಲಾಮಗಿರಿಯ ಕಾಲವನ್ನು ಚೆಂದಗೊಳಿಸಿ ತೋರಿಸುತ್ತದೆಂಬ ಆಕ್ಷೇಪಕ್ಕೆ ಗುರಿಯಾದ 'ಗಾನ್ ವಿತ್ ದ ವಿಂಡ್' ಎಂಬ ಹಳೆಯ ಚಿತ್ರವನ್ನು ಎಚ್‌ಬಿಒ ಮ್ಯಾಕ್ಸ್ ಎಂಬ ಸ್ಟ್ರೀಮಿಂಗ್ ತಾಣ ಮೊದಲು ಹಿಂತೆಗೆದುಕೊಂಡು, ಅದೇ ತಿಂಗಳಲ್ಲಿ ಚಲನಚಿತ್ರ ವಿದ್ವಾಂಸೆ ಜಾಕ್ವೆಲಿನ್ ಸ್ಟುವರ್ಟ್ ಅವರ ಪೀಠಿಕೆಯೊಂದಿಗೆ ಮರಳಿ ತೋರಿಸಿತು. ನನ್ನ ಮಟ್ಟಿಗೆ ಸರಿಯಾದ ದಾರಿ ಅದು. 'ಸೂಕ್ಷ್ಮ ವಿಷಯಗಳಿವೆ' ಎಂಬ ಒಂದು ಸಾಲಿನ ಎಚ್ಚರಿಕೆ ಸಾಲದು. ಏನು ಬರಲಿದೆ, ಅದು ಏಕೆ ನೋಯಿಸುತ್ತದೆ, ಅದನ್ನು ಮಾಡಿದವರು ಯಾರು ಎಂಬುದನ್ನು ಮೊದಲೇ ತಿಳಿಸಬೇಕು.

ಮಗುವಿಗೆ ಏನು ಹೇಳಲಿ ಎಂದು ಕೇಳಿದ್ದೀರಿ. ಕಪ್ಪು ಬಣ್ಣ ಶಿಕ್ಷೆಯಲ್ಲ, ಅದನ್ನು ಶಿಕ್ಷೆ ಎಂದುಕೊಂಡವನು ಆ ಮಾಲೀಕ, ಆ ಮುಖಗಳಿಗೆ ಹಾಗೆ ಬಣ್ಣ ಬಳಿದದ್ದು ಮಾತ್ರ ಸರಿಯಲ್ಲ ಎಂದು ನೇರವಾಗಿಯೇ ಹೇಳಿ. ಮಕ್ಕಳಿಗೆ ಇಷ್ಟು ಅರ್ಥವಾಗುತ್ತದೆ. ಅವಳನ್ನು ನೋಯಿಸುವ ನೆಂಟರಿಗೂ ಅವಳ ಎದುರಿನಲ್ಲೇ ಎರಡು ಮಾತು ಹೇಳಿ, ಏಕೆಂದರೆ ಆ ಪ್ರಶ್ನೆ ಹುಟ್ಟಿದ್ದು ಟಿವಿಯಿಂದ ಮಾತ್ರವಲ್ಲ. ಅವಳಿಗೆ ಆ ಕಂತು ಮತ್ತೆ ನೋಡುವುದು ಬೇಡವಾದರೆ ಒತ್ತಾಯಿಸಬೇಡಿ. 1964ರ ಅಕ್ಟೋಬರ್‌ನಲ್ಲಿ ಬಂದ 'ದ ವಿಚಸ್ ಆರ್ ಔಟ್' ಕಂತನ್ನು ಹಾಕಿಕೊಡಿ: ಮಾಟಗಾತಿಯರನ್ನು ಕುರೂಪಿ ಮುದುಕಿಯರಂತೆ ಚಿತ್ರಿಸುವ ಮಿಠಾಯಿ ಜಾಹೀರಾತಿನ ವಿರುದ್ಧ ಸಮಂತಾ ಮತ್ತು ಅವಳ ಬಳಗ ಅದರಲ್ಲಿ ಪ್ರತಿಭಟಿಸುತ್ತಾರೆ. ರೂಪ ನೋಡಿ ಜನರನ್ನು ಅಳೆಯುವ ಪ್ರಶ್ನೆ ಅಲ್ಲಿಯೂ ಇದೆ, ಮುಖಕ್ಕೆ ಮಸಿಯಿಲ್ಲದೆ.

ಇಂತಿ,
ಸಂಪಾದಕ