ಓದುಗರ ಪ್ರಶ್ನೆ, ತಜ್ಞರ ಉತ್ತರ: ಇಲಿಗಳಲ್ಲಿ ಬಾರ್ತ್ ಸಿಂಡ್ರೋಮ್ ಅಧ್ಯಯನ

ಪ್ರಶ್ನೆ: ಸೆಮಿನಾರ್‌ಗೆ ಬಾರ್ತ್ ಸಿಂಡ್ರೋಮ್ ಆರಿಸಿಕೊಂಡಿದ್ದೇನೆ. ಎಲ್ಲಿ ಓದಿದರೂ ಇಲಿಗಳಿಗೆ ಡಾಕ್ಸಿಸೈಕ್ಲಿನ್ ತಿನ್ನಿಸುವ ಮಾತು ಬರುತ್ತದೆ. ಅದು ಆ್ಯಂಟಿಬಯೋಟಿಕ್ ಅಲ್ಲವೇ? ಹೃದಯದ ಕಾಯಿಲೆಗೂ ಅದಕ್ಕೂ ಏನು ಸಂಬಂಧ?
– ಎಂ.ಎಸ್ಸಿ. ವಿದ್ಯಾರ್ಥಿನಿ, ಚಿಕ್ಕಮಗಳೂರು

ಉತ್ತರ: ಇಲ್ಲಿ ಡಾಕ್ಸಿಸೈಕ್ಲಿನ್ ಮದ್ದಲ್ಲ, ಸ್ವಿಚ್ಚು. 1983ರಲ್ಲಿ ನೆದರ್ಲೆಂಡ್ಸ್‌ನ ವೈದ್ಯ ಪೀಟರ್ ಬಾರ್ತ್ ವಿವರಿಸಿದ, ಹೃದಯದ ಸ್ನಾಯು ಸೋಲುವ ಈ ಆನುವಂಶಿಕ ರೋಗಕ್ಕೆ ಕಾರಣವಾದ ಜೀನ್ 1996ರಲ್ಲಿ ಸಿಕ್ಕಿತು. ಈಗ ಅದರ ಹೆಸರು ಟಫಾಜಿನ್. ಎಕ್ಸ್ ಕ್ರೋಮೋಸೋಮಿನ ಮೇಲಿರುವುದರಿಂದ ರೋಗ ಬರುವುದು ಬಹುಪಾಲು ಗಂಡುಮಕ್ಕಳಿಗೆ. ಜೀವಕೋಶಕ್ಕೆ ಶಕ್ತಿ ಒದಗಿಸುವ ಮೈಟೋಕಾಂಡ್ರಿಯಾದ ಒಳಪೊರೆಯಲ್ಲಿ ಕಾರ್ಡಿಯೊಲಿಪಿನ್ ಎಂಬ ಕೊಬ್ಬು ಇದೆ. ಅದಕ್ಕೆ ನಾಲ್ಕು ಕೊಬ್ಬಿನಾಮ್ಲಗಳ ಸರಪಳಿ. ಹೃದಯದಲ್ಲಿ ಆ ನಾಲ್ಕೂ ಹೆಚ್ಚಾಗಿ ಲಿನೋಲಿಕ್ ಆಮ್ಲವೇ ಆಗುವಂತೆ ತಿದ್ದುವ ಕೆಲಸ ಟಫಾಜಿನ್‌ದು. ಅದು ಕೈಕೊಟ್ಟರೆ ಮೂರೇ ಸರಪಳಿಯ ಮಾನೊಲೈಸೊ ಕಾರ್ಡಿಯೊಲಿಪಿನ್ ತುಂಬಿಕೊಂಡು, ಒಳಪೊರೆಯ ಮಡಿಕೆಗಳು ಸಡಿಲವಾಗಿ, ಜೀವಕೋಶದ ಇಂಧನವಾದ ಎಟಿಪಿಯ ತಯಾರಿಕೆ ಕುಗ್ಗುತ್ತದೆ.

ನೀವು ಓದಿದ ಇಲಿಗಳಲ್ಲಿ ಟಫಾಜಿನ್ ಜೀನನ್ನು ಕಿತ್ತು ಹಾಕಿಲ್ಲ. ಅದರ ಸಂದೇಶವನ್ನು ಅಡಗಿಸುವ ಪುಟ್ಟ ಆರ್‌ಎನ್‌ಎಯೊಂದನ್ನು ಸೇರಿಸಿದ್ದಾರೆ. ಡಾಕ್ಸಿಸೈಕ್ಲಿನ್ ಹೊಟ್ಟೆಗೆ ಬಿದ್ದಾಗ ಮಾತ್ರ ಅದು ಕೆಲಸ ಶುರುಮಾಡುತ್ತದೆ. ರೂಢಿಯ ಪ್ರಮಾಣ ಕಿಲೋ ಮೇವಿಗೆ 625 ಮಿಲಿಗ್ರಾಂ. ಗರ್ಭದಿಂದಲೇ ಕೊರತೆ ಬೇಕಿದ್ದರೆ ತಾಯಿ ಇಲಿಗೆ ಕೊಡಬೇಕು. ಎರಡು ತಿಂಗಳಿಗೆ ಎಕೋ (ಹೃದಯದ ಅಲ್ಟ್ರಾಸೌಂಡ್) ಮಾಡಿ ‘ಹೃದಯ ಚೆನ್ನಾಗಿದೆ’ ಎಂದು ಪ್ರಯೋಗ ಮುಗಿಸಿಬಿಡಬೇಡಿ. ಈ ಇಲಿಗಳ ಹೃದಯ ಹಿಗ್ಗಿ ಸೋಲುವುದು ಎಂಟು ತಿಂಗಳ ಹೊತ್ತಿಗೆ.

ನಿಮ್ಮ ಸೆಮಿನಾರ್‌ನಲ್ಲಿ ಒತ್ತಿ ಹೇಳಬೇಕಾದ ಮಾತು ಇನ್ನೊಂದಿದೆ. ಡಾಕ್ಸಿಸೈಕ್ಲಿನ್ ಬ್ಯಾಕ್ಟೀರಿಯಾದಲ್ಲಿ ಪ್ರೋಟೀನ್ ತಯಾರಿಸುವ ರೈಬೋಸೋಮನ್ನು ತಡೆಯುವ ವಸ್ತು. ಮೈಟೋಕಾಂಡ್ರಿಯಾದ ರೈಬೋಸೋಮೂ ಅದೇ ಜಾತಿಯದು. ಹಾಗಾಗಿ ಯಾವ ಜೀನ್ ಬದಲಾವಣೆಯೂ ಇಲ್ಲದ ಇಲಿಯಲ್ಲಿಯೂ ಈ ಮೇವು ಮೈಟೋಕಾಂಡ್ರಿಯಾಕ್ಕೆ ತುಸು ಪೆಟ್ಟು ಕೊಡುತ್ತದೆ. ಮೈಟೋಕಾಂಡ್ರಿಯಾದ ರೋಗವನ್ನೇ ಅಳೆಯಲು ಹೊರಟವರಿಗೆ ಇದು ಸಣ್ಣ ವಿಷಯವಲ್ಲ. ಮಾರ್ಪಡಿಸಿದ ಇಲಿ, ಸಾಮಾನ್ಯ ಇಲಿ, ಎರಡರಲ್ಲೂ ಡಾಕ್ಸಿಸೈಕ್ಲಿನ್ ತಿಂದವು ಮತ್ತು ತಿನ್ನದವು, ಹೀಗೆ ನಾಲ್ಕು ಗುಂಪು ಬೇಕೇ ಬೇಕು. ಎಲ್ಲವೂ ಒಡಹುಟ್ಟಿದ ಮರಿಗಳಾದರೆ ಉತ್ತಮ. ಮೇವಿನ ಎಣ್ಣೆಯೂ ಲೆಕ್ಕಕ್ಕೆ ಬರುತ್ತದೆ: ಅದರಲ್ಲಿರುವ ಲಿನೋಲಿಕ್ ಆಮ್ಲ ಏರಿಳಿದರೆ ಕಾರ್ಡಿಯೊಲಿಪಿನ್ ಕೂಡ ಬದಲಾಗುತ್ತದೆ. ನಿಮ್ಮ ಕಡೆಯ ಆಷಾಢದ ಮಳೆಯಲ್ಲಿ ಗುಳಿಗೆ ಮೇವು ತೇವ ಎಳೆದು ಬೂಸ್ಟು ಹಿಡಿಯುತ್ತದೆ, ಬೆಳಕಿಗೆ ಡಾಕ್ಸಿಸೈಕ್ಲಿನ್ ಹಾಳಾಗುತ್ತದೆ. ಗಾಳಿಯಾಡದ ಡಬ್ಬಿಯಲ್ಲಿ, ಕತ್ತಲಲ್ಲಿ, ತಣ್ಣಗೆ ಇಡಬೇಕು.

ಪ್ರಶ್ನೆ: ಇಲಿಯ ಎಕೋ ತೆಗೆಯುವಾಗ ಅದೇ ಇಲಿಗೆ ಬೆಳಿಗ್ಗೆ ಎಜೆಕ್ಷನ್ ಫ್ರ್ಯಾಕ್ಷನ್ (ಬಡಿತಕ್ಕೊಮ್ಮೆ ಹೃದಯ ಹೊರದೂಡುವ ರಕ್ತದ ಪಾಲು) ಶೇ. 65, ಮಧ್ಯಾಹ್ನ ಶೇ. 45 ಬಂತು. ಯಾವುದನ್ನು ನಂಬಬೇಕು?
– ಪಶುವೈದ್ಯಕೀಯ ವಿದ್ಯಾರ್ಥಿ, ಹಾಸನ

ಉತ್ತರ: ಎರಡೂ ಸಲದ ಹೃದಯ ಬಡಿತ ನೋಡಿ, ಆಮೇಲೆ ತೀರ್ಮಾನಿಸಿ. ಎಚ್ಚರವಿರುವ ಇಲಿಯ ಹೃದಯ ನಿಮಿಷಕ್ಕೆ 600 ಸಲವೋ ಅದಕ್ಕೂ ಹೆಚ್ಚೋ ಬಡಿಯುತ್ತದೆ. ಅರಿವಳಿಕೆ ಗಾಢವಾಗಿ ಬಡಿತ 400ಕ್ಕಿಂತ ಕೆಳಗಿಳಿದರೆ, ಆರೋಗ್ಯವಂತ ಇಲಿಯ ಹೃದಯವೂ ಹಿಗ್ಗಿ ಸೋತಂತೆ ಕಾಣುತ್ತದೆ. ಐಸೊಫ್ಲೂರೇನ್ ಎಂಬ ಅರಿವಳಿಕೆ ಅನಿಲ ಶೇ. 3ರಲ್ಲಿ ಮಲಗಿಸಿ, ಕೂಡಲೇ ಶೇ. 1–1.5ಕ್ಕೆ ಇಳಿಸಿ, ಬಡಿತ 450–550ರ ನಡುವೆ ನಿಂತ ಮೇಲೆ ಚಿತ್ರ ತೆಗೆಯಿರಿ. ಮೈಶಾಖ 37 ಡಿಗ್ರಿ ಇರಬೇಕು. ಬಹಳ ಕಡೆ ಎಡವುವುದು ಇಲ್ಲೇ: ಕೂದಲು ತೆಗೆದ ಎದೆಯ ಮೇಲೆ ತಣ್ಣನೆಯ ಜೆಲ್ ಸುರಿದರೆ 25 ಗ್ರಾಂ ತೂಕದ ಜೀವ ನೋಡನೋಡುತ್ತಲೇ ತಣ್ಣಗಾಗುತ್ತದೆ. ಜೆಲ್ ಬೆಚ್ಚಗಿರಲಿ. ಪ್ರೋಬ್ ಒತ್ತಬೇಡಿ, ಒತ್ತಿದರೂ ಬಡಿತ ಇಳಿಯುತ್ತದೆ. ಯಾವ ಇಲಿ ಯಾವ ಗುಂಪಿನದು ಎಂದು ಅಳೆಯುವವರಿಗೆ ಗೊತ್ತಿರಬಾರದು.

ಪ್ರಶ್ನೆ: ಫ್ರೀಜರ್‌ನಲ್ಲಿಟ್ಟ ಹೃದಯದಿಂದ ಮೈಟೋಕಾಂಡ್ರಿಯಾ ತೆಗೆದು ಆಮ್ಲಜನಕದ ಬಳಕೆ ಅಳೆಯಬಹುದೇ?
– ಕಾಲೇಜು ಉಪನ್ಯಾಸಕರು, ಬೇಲೂರು

ಉತ್ತರ: ಎಟಿಪಿಯ ಕಚ್ಚಾವಸ್ತುವಾದ ಎಡಿಪಿ ಹಾಕಿ ಉಸಿರಾಟ ಅಳೆಯುವ ಪ್ರಯೋಗಕ್ಕೆ ಆಗದು, ಹೆಪ್ಪುಗಟ್ಟಿ ಕರಗುವಾಗ ಪೊರೆಗಳು ಹರಿಯುತ್ತವೆ. ಕಾರ್ಡಿಯೊಲಿಪಿನ್ ಅಳೆಯುವುದಾದರೆ ದ್ರವ ಸಾರಜನಕದಲ್ಲಿ ಮುಳುಗಿಸಿ ಮೈನಸ್ 80 ಡಿಗ್ರಿಯಲ್ಲಿಟ್ಟ ತುಂಡು ಸಾಕು. ಉಸಿರಾಟಕ್ಕೆ ಆಗತಾನೆ ತೆಗೆದ ಹೃದಯ ಬೇಕು. ಐಸ್ ಮೇಲೆ ರಕ್ತ ತೊಳೆದು, ಸಣ್ಣಗೆ ಕತ್ತರಿಸಿ, 250 ಮಿಲಿಮೋಲಾರ್ ಸುಕ್ರೋಸ್, ಕ್ಯಾಲ್ಸಿಯಂ ಹಿಡಿದಿಡುವ ಇಜಿಟಿಎ ಮತ್ತು ಕೊಬ್ಬಿನಾಮ್ಲ ತೆಗೆದ, ದನದ ರಕ್ತದ ಪ್ರೋಟೀನಾದ ಬಿಎಸ್‌ಎ ಇರುವ ದ್ರಾವಣದಲ್ಲಿ ಅರೆಯಿರಿ. 4 ಡಿಗ್ರಿಯಲ್ಲಿ 700 ಜಿ ವೇಗಕ್ಕೆ ಹತ್ತು ನಿಮಿಷ ತಿರುಗಿಸಿದರೆ ಕಸ ತಳ ಸೇರುತ್ತದೆ. ಮೇಲಿನ ದ್ರವವನ್ನು 8000 ಜಿಗೆ ಇನ್ನು ಹತ್ತು ನಿಮಿಷ. ಕೊನೆಯ ತೊಳೆತ ಬಿಎಸ್‌ಎ ಇಲ್ಲದ ದ್ರಾವಣದಲ್ಲಿರಲಿ. ಇಲ್ಲವಾದರೆ ಪ್ರೋಟೀನ್ ಲೆಕ್ಕದಲ್ಲಿ ಬಿಎಸ್‌ಎ ಸೇರಿಕೊಂಡು, ಒಳ್ಳೆಯ ಮೈಟೋಕಾಂಡ್ರಿಯಾವೂ ಮಂಕಾಗಿರುವಂತೆ ತೋರುತ್ತದೆ.

ಇಲಿಯ ತಳಿಯನ್ನೂ ವಿಚಾರಿಸಿ. ಸಿ57ಬಿಎಲ್/6ಜೆ ತಳಿಯಲ್ಲಿ ಎನ್‌ಎನ್‌ಟಿ ಎಂಬ ಮೈಟೋಕಾಂಡ್ರಿಯಾ ಕಿಣ್ವದ ಜೀನ್ ಮೊದಲೇ ಮುರಿದಿದೆ, 6ಎನ್ ತಳಿಯಲ್ಲಿ ಸರಿಯಿದೆ. ಎರಡನ್ನೂ ಬೆರೆಸಿದ ಗುಂಪಿನಲ್ಲಿ ಟಫಾಜಿನ್‌ನ ಪರಿಣಾಮ ಯಾವುದು, ತಳಿಯದು ಯಾವುದು ಎಂದು ಬಿಡಿಸಲಾಗದು. ಕಿವಿಯ ಚೂರಿನಿಂದ ಪಿಸಿಆರ್ ಮಾಡಿದರೆ ತಿಳಿಯುತ್ತದೆ. ಇಷ್ಟಕ್ಕೂ ಮೊದಲು ನಿಮ್ಮ ಸಂಸ್ಥೆಯ ಪ್ರಾಣಿ ನೈತಿಕ ಸಮಿತಿಯ ಒಪ್ಪಿಗೆ ಇರಬೇಕು.

ಪ್ರಶ್ನೆ: 2025ರಲ್ಲಿ ಹಾಸನ ಜಿಲ್ಲೆಯ ಹೃದಯಾಘಾತಗಳ ಸುದ್ದಿ ಕೇಳಿ ಹೆದರಿದ್ದೆವು. ಅದು ಈ ರೋಗವೇ? ನಮ್ಮ ಮನೆಯ ಗಂಡುಮಗುವಿಗೂ ಪರೀಕ್ಷೆ ಮಾಡಿಸಬೇಕೇ?
– ಗೃಹಿಣಿ, ಅರಸೀಕೆರೆ

ಉತ್ತರ: ಅಲ್ಲಮ್ಮ, ಎರಡೂ ಬೇರೆ. ಹೃದಯಾಘಾತ ಎಂದರೆ ಹೃದಯಕ್ಕೆ ರಕ್ತ ಒಯ್ಯುವ ನಾಳ ಕಟ್ಟಿಕೊಳ್ಳುವುದು. ಬಾರ್ತ್ ಸಿಂಡ್ರೋಮ್‌ನಲ್ಲಿ ಹೃದಯದ ಸ್ನಾಯುವೇ ಸೋಲುತ್ತದೆ, ಹೆಚ್ಚಾಗಿ ಎಳೆಗೂಸಿನಲ್ಲೇ ತೋರುತ್ತದೆ, ಮತ್ತು ಬಲು ಅಪರೂಪ. ಮಗು ಲವಲವಿಕೆಯಿಂದ ಬೆಳೆಯುತ್ತಿದ್ದರೆ, ತಾಯಿಯ ಕಡೆಯಲ್ಲಿ ಎಳೆಯ ಗಂಡುಮಕ್ಕಳು ಹೃದಯದ ತೊಂದರೆಯಿಂದ ತೀರಿಕೊಂಡಿರದಿದ್ದರೆ, ಪರೀಕ್ಷೆಗೆ ಓಡಬೇಕಿಲ್ಲ. ಹೃದಯ ಹಿಗ್ಗಿದೆ ಎಂದು ವೈದ್ಯರು ಹೇಳಿದ್ದು, ಜೊತೆಗೆ ನ್ಯೂಟ್ರೋಫಿಲ್ ಎಂಬ ಬಿಳಿ ರಕ್ತಕಣ ಕಡಿಮೆಯಿದ್ದು ಪದೇ ಪದೇ ಸೋಂಕು, ಸ್ನಾಯು ಸಡಿಲ, ಕುಂಠಿತ ಬೆಳವಣಿಗೆ ಕಂಡರೆ ಮಾತ್ರ ಮೂತ್ರದಲ್ಲಿ 3-ಮೀಥೈಲ್‌ಗ್ಲುಟಕೋನಿಕ್ ಆಮ್ಲ ನೋಡಲು ಕೇಳಿ. ಕೆಲವು ಮಕ್ಕಳಲ್ಲಿ ಅದು ಸಹಜ ಮಟ್ಟದಲ್ಲೇ ಇರುವುದರಿಂದ ಅಷ್ಟಕ್ಕೆ ನಿಲ್ಲಿಸದೆ, ರಕ್ತದಲ್ಲಿ ಮಾನೊಲೈಸೊ ಕಾರ್ಡಿಯೊಲಿಪಿನ್‌ಗೂ ಕಾರ್ಡಿಯೊಲಿಪಿನ್‌ಗೂ ಇರುವ ಅನುಪಾತವನ್ನೋ ಟಫಾಜಿನ್ ಜೀನನ್ನೋ ಪರೀಕ್ಷಿಸಲು ಜೆನೆಟಿಕ್ಸ್ ವೈದ್ಯರ ಬಳಿ ಹೇಳಿ.